ಸೀಟಿನ ಕೆಳಗಿನ ಕಂಪ್ಯೂಟರ್

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಹೋದರೆ ಚಾಕಣ ಸಿಗುತ್ತದೆ. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಎರಡು ತಿಂಗಳ ಹತ್ತಿರ ತಡೆದು ನಿಲ್ಲಿಸಿದ ಸಣ್ಣ ಕೋಟೆ ಇಲ್ಲಿದೆ. ಈರುಳ್ಳಿಯ ದೊಡ್ಡ ಮಾರುಕಟ್ಟೆಯೂ ಇದೆ. ಮೂರನೆಯ ಗುರುತು ಬಂದದ್ದು ಈಚೆಗೆ. 1999ರಲ್ಲಿ ಬಜಾಜ್ ಕಾರ್ಖಾನೆ, 2009ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಬಂದ ಮೇಲೆ ಚಾಕಣ ವಾಹನಗಳ ಊರಾಯಿತು. ಪುಣೆಯ ಕಂಪ್ಯೂಟರ್ ಚರಿತ್ರೆ ಹೇಳುವವರು ಈ ಕಡೆ ತಿರುಗಿ ನೋಡುವುದು ಕಡಿಮೆ. ಅವರ ಕಥೆ ಗಣೇಶಖಿಂಡದ ಸಿ-ಡ್ಯಾಕ್‌ನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಆದರೆ ಕಂಪ್ಯೂಟರ್ ಚಿಕ್ಕದಾಗುತ್ತ, ಅಗ್ಗವಾಗುತ್ತ ಎಲ್ಲಿಗೆ ಬಂದು ತಲುಪಿತು ಎಂದು ಕೇಳಿದರೆ ಉತ್ತರದ ಒಂದು ತುದಿ ಚಾಕಣದಲ್ಲಿದೆ.

ಈ ಚಿಕ್ಕದಾಗುವ ಕ್ರಿಯೆಗೆ ಒಂದು ಲೆಕ್ಕಾಚಾರ ಕೊಟ್ಟವರು ಅಮೆರಿಕದ ಎಂಜಿನಿಯರ್ ಗಾರ್ಡನ್ ಬೆಲ್. ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಕಂಪ್ಯೂಟರಿನ ಹೊಸದೊಂದು ವರ್ಗ ಹುಟ್ಟುತ್ತದೆ ಎಂದು ಅವರು 1972ರಲ್ಲಿ ಹೇಳಿದರು. ಹಳೆಯ ಯಂತ್ರವೇ ಅಗ್ಗವಾಗುವುದು ಬೇರೆ, ಹೊಸ ವರ್ಗ ಹುಟ್ಟುವುದು ಬೇರೆ. ಹೊಸ ವರ್ಗಕ್ಕೆ ಹೊಸ ಬೆಲೆ, ಹೊಸ ಜಾಗ, ಹೊಸ ಗಿರಾಕಿ ಇರುತ್ತಾರೆ. ಬೆಲ್ ಕೆಲಸ ಮಾಡಿದ ಡಿಇಸಿ ಕಂಪನಿಯೇ ಇದಕ್ಕೆ ಉದಾಹರಣೆ. 1965ರಲ್ಲಿ ಆ ಕಂಪನಿ ತಂದ ಪಿಡಿಪಿ-8 ಯಂತ್ರದ ಬೆಲೆ 18,500 ಡಾಲರ್. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದ ಆ ಕಾಲದಲ್ಲಿ ಅದು ಸುಮಾರು 88 ಸಾವಿರ ರೂಪಾಯಿ. ಸಾಮಾನ್ಯನಿಗೆ ಅದು ದೊಡ್ಡ ಗಂಟೇ. ಆದರೆ ಇಡೀ ಕೋಣೆ ತುಂಬುವ ದೊಡ್ಡ ಯಂತ್ರಗಳ ಮುಂದೆ ಅದು ಪ್ರಯೋಗಾಲಯವೊಂದು ಸ್ವಂತಕ್ಕೆ ಕೊಳ್ಳಬಹುದಾದ ಕಂಪ್ಯೂಟರ್ ಆಗಿತ್ತು. 1971ರಲ್ಲಿ ಇಂಟೆಲ್ 4004 ಬಂತು. ಜಪಾನಿನ ಕ್ಯಾಲ್ಕುಲೇಟರ್ ಕಂಪನಿಯೊಂದಕ್ಕೆಂದು ತಯಾರಾದ ಈ ಒಂದೇ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಹತ್ತು ವರ್ಷದಲ್ಲಿ, 1981ರಲ್ಲಿ, ಐಬಿಎಂ ಪಿಸಿ ಮೇಜಿನ ಮೇಲೆ ಕೂತಿತು.

ಚಿಕ್ಕ ಚಿಪ್ಪು ಬರೀ ಚಿಕ್ಕ ಯಂತ್ರವನ್ನು ಮಾಡಲಿಲ್ಲ, ದೊಡ್ಡದರ ಬುಡವನ್ನೂ ಅಲ್ಲಾಡಿಸಿತು. ಭಾರತ ಕೇಳಿದ ಶಕ್ತಿಯ ಕ್ರೇ ಸೂಪರ್‌ಕಂಪ್ಯೂಟರನ್ನು ಕೊಡಲು ಅಮೆರಿಕ ಒಪ್ಪದೆ ಕಡಿಮೆ ಶಕ್ತಿಯದನ್ನು ಕೊಟ್ಟಾಗ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ಅವರ ತಂಡ ಕ್ರೇಯಂಥ ಒಂಟಿ ದೈತ್ಯನನ್ನು ಕಟ್ಟಲು ಹೋಗಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಟ್ರಾನ್ಸ್‌ಪ್ಯೂಟರ್ ಎಂಬ ಬ್ರಿಟಿಷ್ ಚಿಪ್ಪುಗಳನ್ನು ಸಾಲಾಗಿ ಜೋಡಿಸಿ, ಲೆಕ್ಕವನ್ನು ಅವುಗಳಿಗೆ ಹಂಚಿತು. 1991ರಲ್ಲಿ ಪರಮ್ 8000 ಸಿದ್ಧವಾಯಿತು. ಒಂದು ಆನೆಯ ಕೆಲಸವನ್ನು ಹಲವು ಎತ್ತುಗಳಿಗೆ ಹಂಚಿದ ಜಾಣತನ ಅದು.

ಅದೇ ದಶಕದ ಕೊನೆಗೆ ಬೆಂಗಳೂರಿನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಪುಣೆಯವರು ಸೂಪರ್‌ಕಂಪ್ಯೂಟರನ್ನು ಅಗ್ಗ ಮಾಡಲು ಹೊರಟರೆ ಇವರು ಹಳ್ಳಿಯವನ ಕೈಗೆ ಕಂಪ್ಯೂಟರ್ ಕೊಡಲು ಹೊರಟರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಟ್ರಸ್ಟ್ ಕಟ್ಟಿ, 2001ರ ಏಪ್ರಿಲಿನಲ್ಲಿ ಸಿಂಪ್ಯೂಟರಿನ ಮಾದರಿಯನ್ನು ಜನರ ಮುಂದಿಟ್ಟರು. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್. ಕೀಬೋರ್ಡ್ ಇಲ್ಲ, ಪರದೆಯನ್ನು ಮುಟ್ಟಿದರೆ ಸಾಕು. ಓದಲು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶವನ್ನೂ ಇದಕ್ಕಾಗಿ ಬರೆದರು. ಒಬ್ಬನಿಗೆ ಕೊಳ್ಳಲಾಗದಿದ್ದರೆ ಇಡೀ ಊರು ಒಂದೇ ಯಂತ್ರ ಕೊಳ್ಳಲಿ, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ತಮ್ಮ ಲೆಕ್ಕ ನೋಡಿಕೊಳ್ಳಲಿ ಎಂಬುದು ಅದರ ಹಿಂದಿನ ವಿಚಾರ. ಯಂತ್ರದ ನಕ್ಷೆಯನ್ನೂ ಮುಚ್ಚಿಡದೆ, ಬೇರೆಯವರೂ ತಯಾರಿಸುವಂತೆ ಪರವಾನಗಿ ರೂಪಿಸಿದರು. ಕರ್ನಾಟಕದ ಭೂದಾಖಲೆ ಕೆಲಸದಲ್ಲೂ ಸಿಂಪ್ಯೂಟರ್ ಬಳಕೆಯಾಯಿತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆದರೂ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು.

ಸೋತದ್ದು ಬುದ್ಧಿಯಲ್ಲ, ಎಣಿಕೆ. ಚಿಪ್ಪು, ಪರದೆ, ಬ್ಯಾಟರಿಗಳ ಬೆಲೆ ಇಳಿಯುವುದು ಲಕ್ಷಗಟ್ಟಲೆ, ಕೋಟಿಗಟ್ಟಲೆ ಕೊಂಡಾಗ. ಸಾವಿರ ಲೆಕ್ಕದಲ್ಲಿ ಕೊಂಡರೆ ಅಗ್ಗದ ಯಂತ್ರವೂ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಹತ್ತು ಸಾವಿರ ದಾಟಿದರೆ ಸಾವಿರದ ಮೇಲೆ ಮಾರಾಟವಾಗುವುದಿಲ್ಲ. ಈ ಸುಳಿಯಿಂದ ಹೊರಬರಲು ಯಂತ್ರಕ್ಕೆ ಬೇರೊಂದು ನೆಪ ಬೇಕು, ಜನ ಹೇಗಿದ್ದರೂ ಕೊಳ್ಳುವ ಒಂದು ವಸ್ತುವಿನ ನೆಪ. 2003ರಲ್ಲಿ ಬಂದ ನೋಕಿಯಾ 1100 ಫೋನಿಗೆ ಆ ನೆಪ ಮಾತಾಗಿತ್ತು. ಜಗತ್ತಿನಲ್ಲಿ ಅದು 25 ಕೋಟಿಯಷ್ಟು ಮಾರಾಟವಾಯಿತು. ಮುಂದೆ ಫೋನೇ ಕಂಪ್ಯೂಟರ್ ಆಯಿತು. ಸಿಂಪ್ಯೂಟರ್ ಕಂಡ ಕನಸು ನನಸಾದದ್ದು ಬೇರೆಯವರ ಹೆಸರಿನಲ್ಲಿ.

ಇನ್ನೊಂದು ನೆಪ ವಾಹನ. ಚಾಕಣದ ಕಥೆ ಬರುವುದು ಇಲ್ಲಿ. ವಾಹನದೊಳಕ್ಕೆ ಕಂಪ್ಯೂಟರನ್ನು ತಳ್ಳಿದ್ದು ಗಿರಾಕಿಯ ಆಸೆಯಲ್ಲ, ಹೊಗೆಯ ಕಾನೂನು. 1970ರ ಶುದ್ಧ ಗಾಳಿ ಕಾಯ್ದೆಯ ಒತ್ತಡಕ್ಕೆ ಸಿಕ್ಕಿದ ಜನರಲ್ ಮೋಟಾರ್ಸ್, 1981ರ ಹೊತ್ತಿಗೆ ಅಮೆರಿಕದಲ್ಲಿ ಮಾರುವ ತನ್ನ ಪೆಟ್ರೋಲ್ ಕಾರುಗಳಿಗೆಲ್ಲ ಕಂಪ್ಯೂಟರ್ ಕೂರಿಸಿತು. ಭಾರತದ ಬೈಕಿಗೆ ಅಂಥ ಗಳಿಗೆ ಬಂದದ್ದು 2020ರ ಏಪ್ರಿಲ್ 1ರಂದು, ಬಿಎಸ್-6 ನಿಯಮದೊಂದಿಗೆ. ಅಷ್ಟೊಂದು ಬಿಗಿಯಾದ ಮಿತಿಯೊಳಗೆ ಹೊಗೆಯನ್ನು ಇಡುವುದು ಹಳೆಯ ಕಾರ್ಬೊರೇಟರಿಗೆ ಕಷ್ಟ. ಹೆಚ್ಚಿನ ಬೈಕುಗಳಿಗೆ ಇಂಜೆಕ್ಟರ್ ಬಂತು, ಜೊತೆಗೆ ಅದನ್ನು ಆಳುವ ಪುಟ್ಟ ಡಬ್ಬಿ ಇಸಿಯು. ಎಂಜಿನ್ನಿನ ಬಿಸಿ, ಒಳಬರುವ ಗಾಳಿ, ಹೊರಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕ, ಇವನ್ನೆಲ್ಲ ಅಳೆದು ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಅದು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ಪರದೆ ಇಲ್ಲ, ಕೀಲಿ ಇಲ್ಲ. ಕೊಂಡವನು ಅದನ್ನು ಕಂಪ್ಯೂಟರ್ ಎಂದು ಕರೆಯುವುದೂ ಇಲ್ಲ. ಚಾಕಣದಂಥ ಊರುಗಳ ಜೋಡಣೆ ಸಾಲಿನಿಂದ ಇಳಿದ ಬೈಕುಗಳ ಮೇಲೆ ಕೂತು ಅದು ಹಳ್ಳಿಗಳನ್ನು ಸದ್ದಿಲ್ಲದೆ ತಲುಪಿತು.

ಆದರೆ ತಲುಪಿದ ಎರಡು ರೀತಿಗಳಲ್ಲಿ ಅಂತರವಿದೆ. ಸಿಂಪ್ಯೂಟರ್ ತನ್ನ ನಕ್ಷೆಯನ್ನು ತೆರೆದಿಟ್ಟು ಬಂದಿತ್ತು. ಸೀಟಿನ ಕೆಳಗಿನ ಡಬ್ಬಿ ಅಂಟು ಹಾಕಿ ಮುಚ್ಚಿಕೊಂಡು ಬಂತು. ಕಾರ್ಬೊರೇಟರಿನ ಕಾಲದಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿ, ಸ್ಕ್ರೂ ಡ್ರೈವರಿನಿಂದ ಕಾಲು ಸುತ್ತು ತಿರುಗಿಸಿ ಗಾಡಿ ಸರಿ ಮಾಡುತ್ತಿದ್ದ. ಈಗ ಮೀಟರಿನಲ್ಲಿ ಎಂಜಿನ್ ದೀಪ ಹತ್ತಿದರೆ ಅವನಿಗೂ ಸ್ಕ್ಯಾನರ್ ಬೇಕು, ಅದು ತೋರಿಸುವ ಕೋಡಿನ ಅರ್ಥ ಬೇಕು, ಆ ಡಬ್ಬಿಯ ಮಾತು ತಿಳಿಯುವ ತಂತ್ರಾಂಶ ಬೇಕು. ಸ್ಕ್ಯಾನರ್ ಕೊಂಡು ಕಲಿತವರು ಉಳಿದಿದ್ದಾರೆ. ಕಲಿಯದವನು ಗಾಡಿಯನ್ನು ಕಂಪನಿಯ ಸರ್ವೀಸ್ ಸೆಂಟರಿಗೆ ಕಳಿಸಿ, ಪಂಕ್ಚರ್ ಮತ್ತು ಆಯಿಲ್ ಬದಲಾವಣೆಗೆ ಕೂರಬೇಕಾಗುತ್ತದೆ.

ಹೊಸ ವರ್ಗದ ಕಂಪ್ಯೂಟರ್ ಯಾವಾಗ ಹುಟ್ಟುತ್ತದೆ ಎಂಬುದಕ್ಕೆ ಬೆಲ್ ಅವರ ಲೆಕ್ಕ ಉತ್ತರ ಕೊಡುತ್ತದೆ. ಹುಟ್ಟಿದ್ದನ್ನು ಬಿಚ್ಚಿ ನೋಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿಲ್ಲ. ಅದನ್ನು ಪ್ರತಿ ಸಲವೂ ಬೇರೆಯಾಗಿ ಕೇಳಬೇಕಾಗುತ್ತದೆ. 2001ರಲ್ಲಿ ಬೆಂಗಳೂರಿನ ಕೆಲವರು ಯಂತ್ರವನ್ನು ಕಟ್ಟುವಾಗಲೇ ಅದನ್ನು ಕೇಳಿಕೊಂಡಿದ್ದರು.