ಮೈಸೂರು ಸಂಸ್ಥಾನದಲ್ಲಿ ಒಬ್ಬ ಯಹೂದಿ ವಾಸ್ತುಶಿಲ್ಪಿ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಿದ ಮಹತ್ಕಾರ್ಯದ ಹಿಂದೆ ಕೆನಡಾ ಮೂಲದ ಲಾಟ್‌ಬಿನಿಯರ್ ಎಂಬ ಎಂಜಿನಿಯರರಿದ್ದರು; 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೆ ದುಡಿದ ಲೆಸ್ಲಿ ಕೋಲ್ಮನ್ನರೂ ಆ ದೇಶದವರೇ. ಹೊರಗಿನಿಂದ ಬಂದವನ ಕುಲದೇಶಗಳನ್ನು ವಿಚಾರಿಸುವುದಕ್ಕಿಂತ ಅವನ ವಿದ್ಯೆಯನ್ನು ಪರೀಕ್ಷಿಸಿ ಹೊಣೆಯನ್ನು ಒಪ್ಪಿಸುತ್ತಿದ್ದ ಈ ರಾಜನೀತಿಯ ಪರಂಪರೆಯಲ್ಲಿಯೇ ಆಟೊ ಕೊನಿಗ್ಸ್‌ಬರ್ಗರರ ನಿಯುಕ್ತಿಯನ್ನೂ ಇರಿಸಿ ನೋಡತಕ್ಕದ್ದು.

ಇವರು 1908ರಲ್ಲಿ ಬರ್ಲಿನ್ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿಯೇ ವಾಸ್ತುವಿದ್ಯೆಯನ್ನು ಅಭ್ಯಾಸಮಾಡಿ, 1933ರಲ್ಲಿ ಪ್ರತಿಷ್ಠಿತವಾದ ಷಿಂಕೆಲ್ ಪಾರಿತೋಷಕವನ್ನು ಪಡೆದರು. ಹಿಟ್ಲರನು ಅಧಿಕಾರಕ್ಕೆ ಬಂದುದೂ ಆ ವರ್ಷದಲ್ಲಿಯೇ. ಯಹೂದಿಯೆಂಬ ಕಾರಣಕ್ಕೆ ಉದ್ಯೋಗವನ್ನು ಕಳೆದುಕೊಂಡ ತರುಣನು ಈಜಿಪ್ಟಿಗೆ ತೆರಳಿ, ಪ್ರಾಚೀನ ಕಟ್ಟಡಗಳ ಶೋಧನೆಯಲ್ಲಿ ಕೆಲವು ವರ್ಷಗಳನ್ನು ಕಳೆದನು. ಇವರ ಸೋದರಮಾವ, ವಿಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ 1935–36ರಲ್ಲಿ ಬೆಂಗಳೂರಿನಲ್ಲಿದ್ದವರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1939ರಲ್ಲಿ, ಕೊನಿಗ್ಸ್‌ಬರ್ಗರರು ಸಂಸ್ಥಾನದ ವಾಸ್ತುಶಿಲ್ಪಿಗಳಾಗಿ ಬಂದರು.

ಯೂರೋಪಿನಿಂದ ಬಂದ ಯಹೂದಿ ನಿರಾಶ್ರಿತರ ನೆರವಿಗಾಗಿ ಮುಂಬಯಿಯಲ್ಲಿ 1934ರಲ್ಲಿಯೇ ಪರಿಹಾರ ಸಂಘವೊಂದು ಸ್ಥಾಪಿತವಾಗಿದ್ದಿತು. ಸ್ವಜನಸೇವೆಯ ಆ ಕಾರ್ಯವು ಗೌರವಾರ್ಹವಾದುದು. ಕೊನಿಗ್ಸ್‌ಬರ್ಗರರು ಸಂಸ್ಥೆಗಳನ್ನು ಕಟ್ಟಿದ ಕ್ಷೇತ್ರವಾದರೋ ಬೇರೆ. ಅವರ ಹಿರಿಮೆಯನ್ನು ನಾನು ಅಲ್ಲಿಯೇ ಕಾಣುತ್ತೇನೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವೈಮಾನಿಕ ಹಾಗೂ ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳನ್ನೂ ಭೋಜನಶಾಲೆಯನ್ನೂ ರಚಿಸುವಾಗ, ಬರ್ಲಿನ್ನಿನಲ್ಲಿ ಕಲಿತ ಮಾದರಿಗಳನ್ನು ಇಲ್ಲಿ ಹಾಗೆಯೇ ನೆಡದೆ, ಬಿಸಿಲಿನ ಓರೆ, ಗಾಳಿಯ ದಿಕ್ಕು, ಮಳೆಯ ಎರಚಲು ಇವುಗಳನ್ನು ಗಮನಿಸಿ ನೆರಳಿಗೂ ಗಾಳಿಯ ಸಂಚಾರಕ್ಕೂ ಆದ್ಯತೆಯನ್ನಿತ್ತರು. ಭದ್ರಾವತಿಯ ನಗರಯೋಜನೆಯೂ, ಟಾಟಾ ಸಂಸ್ಥೆಗಾಗಿ ಸಿದ್ಧಪಡಿಸಿದ ಜಮ್‌ಷೆಡ್‌ಪುರದ ಯೋಜನೆಯೂ ಈ ಕಾಲದವು. 1946ರಲ್ಲಿ ಮುಲ್ಕ್‌ರಾಜ್ ಆನಂದರ ನೇತೃತ್ವದಲ್ಲಿ ಮುಂಬಯಿಯಲ್ಲಿ ‘ಮಾರ್ಗ್’ ಕಲಾಪತ್ರಿಕೆಯು ಜನ್ಮತಾಳಿದಾಗ ಅದರ ಸ್ಥಾಪಕರ ಬಳಗದಲ್ಲಿ ಇವರೂ ಇದ್ದರು.

ದೇಶವಿಭಜನೆಯ ತರುವಾಯ, 1948ರಲ್ಲಿ, ನೆಹರೂ ಸರ್ಕಾರವು ಇವರನ್ನು ಕೇಂದ್ರದ ಗೃಹನಿರ್ಮಾಣ ನಿರ್ದೇಶಕರನ್ನಾಗಿ ನೇಮಿಸಿತು. ಹದಿನೈದು ವರ್ಷಗಳ ಹಿಂದೆ ತಾಯ್ನಾಡನ್ನು ತೊರೆಯಬೇಕಾಗಿ ಬಂದಿದ್ದ ಮನುಷ್ಯನು, ಮನೆಮಠಗಳನ್ನು ಕಳೆದುಕೊಂಡು ಗಡಿ ದಾಟಿ ಬಂದ ಲಕ್ಷಾಂತರ ಜನರಿಗೆ ಸೂರು ಒದಗಿಸುವ ಹೊಣೆಯನ್ನು ಹೊತ್ತನು; ನಮ್ಮ ಆಡಳಿತದ ಚರಿತ್ರೆಯಲ್ಲಿ ಇದಕ್ಕಿಂತ ಯೋಗ್ಯವಾದ ನೇಮಕಗಳು ವಿರಳ. ಸಿದ್ಧಭಾಗಗಳನ್ನು ಜೋಡಿಸಿ ಮನೆ ಕಟ್ಟಲು ದೆಹಲಿಯಲ್ಲಿ ತೆರೆದ ಕಾರ್ಖಾನೆಯು ಸಫಲವಾಗಲಿಲ್ಲವೆಂಬುದು ದಿಟ. 1951ರಲ್ಲಿ ಅವರು ಭಾರತವನ್ನು ಬಿಟ್ಟರು.

ಲಂಡನ್ನಿನಲ್ಲಿ 1957ರಿಂದ ಉಷ್ಣವಲಯದ ವಾಸ್ತುವಿದ್ಯಾ ವಿಭಾಗದ ಮುಖ್ಯಸ್ಥರಾಗಿ, ಅದು 1971ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಯೂನಿವರ್ಸಿಟಿ ಕಾಲೇಜಿಗೆ ಸೇರಿದ ಮೇಲೂ ಕಾರ್ಯವನ್ನು ಮುಂದುವರಿಸಿ, 1999ರಲ್ಲಿ ಅವರು ನಿಧನರಾದರು. ಏಷ್ಯಾ, ಆಫ್ರಿಕಗಳಿಂದ ಅಲ್ಲಿಗೆ ಬಂದ ವಿದ್ಯಾರ್ಥಿಗಳಿಗೆ ಅವರು ಬೋಧಿಸಿದ ಹವೆಗೆ ಹೊಂದುವ ಕಟ್ಟಡದ ತತ್ತ್ವವು ಮೈಸೂರು ಸೀಮೆಯ ಒಂಬತ್ತು ವರ್ಷಗಳ ಸೇವೆಯಲ್ಲಿ ಪರೀಕ್ಷಿತವಾದುದಾಗಿದ್ದಿತು.