ಉಚಿತ ಆನ್‌ಲೈನ್ ಕೃಷಿ ಪಠ್ಯಗಳು: ಬಳಸುವ ಕ್ರಮ ಮತ್ತು ವಹಿಸಬೇಕಾದ ಎಚ್ಚರಿಕೆ

ಪದವಿ ತರಗತಿಗಳಲ್ಲಿ ಬೋಧಿಸುವ ಅನೇಕ ಪಾಠಗಳನ್ನು ಈಗ ಶುಲ್ಕವಿಲ್ಲದೆ ಮನೆಯಲ್ಲಿಯೇ ಅಭ್ಯಸಿಸಬಹುದಾಗಿದೆ. ಮಣ್ಣು, ನೀರಾವರಿ, ಸಸ್ಯರೋಗ ಹಾಗೂ ಕೊಯ್ಲೋತ್ತರ ಸಂಸ್ಕರಣೆಯ ಮೂಲತತ್ತ್ವಗಳನ್ನು ಅರಿಯಲು ಇವು ಸಹಕಾರಿ. ಆದರೆ ಪಠ್ಯವು ನಿಮ್ಮ ಹೊಲಕ್ಕೆ ನೀಡಿದ ಶಿಫಾರಸಲ್ಲ ಎಂಬುದನ್ನು ಗಮನದಲ್ಲಿಡಿ.

ದೊರೆಯುವ ತಾಣಗಳು

• ಎನ್‌ಪಿಟೆಲ್: ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಯೋಜನೆ. ಕೃಷಿ ಎಂಜಿನಿಯರಿಂಗ್‌ನ ವಿಡಿಯೋ ಉಪನ್ಯಾಸಗಳು ಇದರಲ್ಲಿವೆ.
• ಸ್ವಯಂ: ಕೇಂದ್ರ ಸರ್ಕಾರವು 2017ರ ಜುಲೈನಲ್ಲಿ ಲೋಕಾರ್ಪಣೆ ಮಾಡಿದ ವೇದಿಕೆ. ಕಲಿಕೆ ಉಚಿತ, ಪ್ರಮಾಣಪತ್ರ ಬೇಕಾದಲ್ಲಿ ಶುಲ್ಕ ಪಾವತಿಸಿ ಪರೀಕ್ಷೆ ಬರೆಯಬೇಕು.
• ಇ-ಜ್ಞಾನಕೋಶ: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಸ್ವಯಂಕಲಿಕಾ ಪಠ್ಯಗಳ ಭಂಡಾರ.

ಪಠ್ಯದಿಂದ ಏನನ್ನು ಪಡೆಯಬೇಕು?

ಪಠ್ಯವು ಕಾರಣವನ್ನು ತಿಳಿಸುತ್ತದೆ. ಪ್ರಮಾಣವನ್ನು ನಿಮ್ಮ ಮಣ್ಣೇ ತಿಳಿಸಬೇಕು. ಉದಾಹರಣೆಗೆ, ಹಾಕಿದ ರಂಜಕವು ಸುಣ್ಣಯುಕ್ತ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂನೊಂದಿಗೂ, ಆಮ್ಲೀಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂನೊಂದಿಗೂ ಸೇರಿ ಬೆಳೆಗೆ ಸುಲಭವಾಗಿ ಸಿಗದಂತಾಗುತ್ತದೆ. ಈ ತತ್ತ್ವವನ್ನು ಎಲ್ಲಿ ಓದಿದರೂ ಒಂದೇ. ಆದರೆ ಎಷ್ಟು ರಂಜಕ ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯ ಫಲಿತಾಂಶ, ಬೆಳೆ ಮತ್ತು ವಲಯದ ಶಿಫಾರಸಿನ ಆಧಾರದ ಮೇಲೆ ನಿರ್ಧರಿಸಿ.

ಪೀಡೆನಾಶಕಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಪಠ್ಯವು ಸಿದ್ಧವಾದ ವರ್ಷವನ್ನು ಮೊದಲು ಪರಿಶೀಲಿಸಿ. ಹಳೆಯ ಪಾಠಗಳಲ್ಲಿ ಈಗ ನಿಷೇಧಿತವಾದ ರಾಸಾಯನಿಕಗಳ ಹೆಸರಿರಬಹುದು. ಎಂಡೋಸಲ್ಫಾನ್ ಅನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ನಿಷೇಧಿಸಿತು. ಫೋರೇಟ್, ಟ್ರೈಅಜೋಫಾಸ್ ಮತ್ತು ಡೈಕ್ಲೋರ್‌ವಾಸ್‌ಗಳ ಬಳಕೆಗೆ 2020ರ ಡಿಸೆಂಬರ್ 31ರಿಂದ ನಿಷೇಧವಿದೆ. ಆದ್ದರಿಂದ ಔಷಧದ ಹೆಸರು ಮತ್ತು ಪ್ರಮಾಣವನ್ನು ಪಠ್ಯದಿಂದ ನೇರವಾಗಿ ಅನುಸರಿಸದಿರಿ. ಪ್ರಸಕ್ತ ಸಾಲಿನ ಸುಧಾರಿತ ಬೇಸಾಯ ಕ್ರಮಗಳ ಕೈಪಿಡಿ ಹಾಗೂ ಡಬ್ಬಿಯ ಮೇಲಿನ ಸೂಚನೆಗಳೊಂದಿಗೆ ಹೋಲಿಸಿ ನೋಡಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಉಚಿತವಾಗಿ ಓದಲು ದೊರೆಯುವುದೆಲ್ಲವೂ ಮರುಮುದ್ರಣಕ್ಕೆ ಮುಕ್ತವಲ್ಲ. ತರಬೇತಿಗಾಗಿ ಪಠ್ಯವನ್ನು ಅನುವಾದಿಸುವ ಅಥವಾ ಹಂಚುವ ಮುನ್ನ ಪರವಾನಗಿಯ ಷರತ್ತುಗಳನ್ನು ಓದಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಸಾಮಾನ್ಯವಾಗಿ ಮೂಲ ಕರ್ತೃವಿನ ಹೆಸರನ್ನು ನಮೂದಿಸುವುದು ಕಡ್ಡಾಯ. ಕೆಲವು ಪರವಾನಗಿಗಳು ವಾಣಿಜ್ಯ ಬಳಕೆಗೆ ಅವಕಾಶ ನೀಡುವುದಿಲ್ಲ. ಅನುವಾದದಲ್ಲಿ ಮೂಲ ಪಠ್ಯದ ವರ್ಷವನ್ನೂ ತಪ್ಪದೆ ಸೂಚಿಸಿ.

ಓದಿದ ಕ್ರಮವನ್ನು ಜಮೀನಿನಲ್ಲಿ ಅಳವಡಿಸುವ ಮುನ್ನ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ತಜ್ಞರೊಡನೆ ಸಮಾಲೋಚಿಸಿ.