ಮನಶ್ಶಾಸ್ತ್ರ ಓದಿದರೆ ಏನು ಕೆಲಸ?

ಹೋದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಪಿ.ಯು.ಸಿ. ಮುಗಿದಿತ್ತು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಳ್ಳಬೇಕೆಂದು ಅವಳ ಹಟ. ತಾಯಿ ಕಾಫಿ ಲೋಟ ಹಿಡಿದುಕೊಂಡೇ, “ಟೀಚರ್ರೇ, ನೀವಾರ ಬುದ್ಧಿ ಹೇಳ್ರಿ. ಹುಚ್ಚರ ಜೋಡಿ ಮಾತಾಡೋ ಕೆಲಸ ಇಕಿಗ್ಯಾಕ? ನಾಳೆ ಬೀಗರು ಏನಂದಾರು?” ಎಂದರು.

ಹುಡುಗಿ ನನ್ನ ಮುಖ ನೋಡಿದಳು. ನಾನು ನಕ್ಕೆ. ಅವಳ ವಯಸ್ಸಿನಲ್ಲಿ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ. ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನ ಎಂಬ ಪತ್ರಿಕೆ ಇತ್ತು. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ ಎಲ್ಲವನ್ನೂ ಉರು ಹೊಡೆದು ಪಾಸಾದೆ. ನಾಯಿ ಬಂತು, ಬೆಕ್ಕು ಬಂತು, ಕೋತಿ ಬಂತು. ಆದರೆ ಮುಂದೆ ನಾನು ದಿನಾ ನೋಡಬೇಕಾಗಿದ್ದ ಹೆಣ್ಣುಮಕ್ಕಳು ಮಾತ್ರ ಆ ಪುಸ್ತಕದಲ್ಲಿ ಎಲ್ಲೂ ಬರಲಿಲ್ಲ. ಅವರನ್ನು ಓದುವುದನ್ನು ಕಲಿತದ್ದು ಉಚ್ಚಂಗಿದುರ್ಗದ ಕೆಳಗಿನ ಒಂದು ಊರಿನ ಶಾಲೆಯಲ್ಲಿ, ಅದೂ ಒಂದು ತಪ್ಪು ಮಾಡಿದ ಮೇಲೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮನಶ್ಶಾಸ್ತ್ರವೆಂದರೆ ಪರದೇಶದ ವಿದ್ಯೆ, ನಮಗೆ ಹೊಸದು ಎಂದುಕೊಳ್ಳುವವರೇ ಹೆಚ್ಚು. ಆದರೆ ನಮ್ಮ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು 1916ರಷ್ಟು ಹಿಂದೆ. ಅದರ ಪಠ್ಯಕ್ರಮಕ್ಕೆ ಅಡಿಪಾಯ ಹಾಕಿದವರು ಬ್ರಜೇಂದ್ರನಾಥ ಸೀಲ್. ಅವರೇ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ವೈಸ್ ಛಾನ್ಸಲರ್ ಆಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಹೊಣೆ ಹೊತ್ತವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಬಳಿ ಕಲಿತು ಬಂದವರು. ಪರದೇಶದ ಬುದ್ಧಿಮಾಪನ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸುವ ಕೆಲಸಕ್ಕೆ ಕೈಹಾಕಿದರು.

ಈ ಗೋಪಾಲಸ್ವಾಮಿಯವರನ್ನು ನೀವು ಇನ್ನೊಂದು ಕಾರಣಕ್ಕೆ ಬಲ್ಲಿರಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಬರೀ 30 ವಾಟ್‌ನ ಯಂತ್ರ ಇಟ್ಟುಕೊಂಡು ರೇಡಿಯೋ ಪ್ರಸಾರ ಶುರು ಮಾಡಿದವರು ಇವರೇ. ಆ ನಿಲಯದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ನಿಂತಿತು. ಮನಸ್ಸಿನ ವಿಷಯ ಪಾಠ ಮಾಡುವ ಮೇಷ್ಟ್ರಿಗೆ ರೇಡಿಯೋ ಗೊಡವೆ ಯಾಕೆ ಎಂದು ಮೊದಲು ನನಗೂ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಒಂದು ಮಾತು ಸಾವಿರ ಮನೆಯ ಒಳಗೆ ಹೋಗಿ ಕೂರುವುದು ಹೇಗೆ ಎಂಬುದು ಮನಶ್ಶಾಸ್ತ್ರದ್ದೇ ಪ್ರಶ್ನೆ ಅಲ್ಲವೆ?

ಇನ್ನು ಆ ತಾಯಿ ಹೇಳಿದ ‘ಹುಚ್ಚರ’ ವಿಷಯ. ಈ ಮಾತನ್ನು ನಮ್ಮ ಸೀಮೆಯವರು ಅಷ್ಟು ಹಗುರವಾಗಿ ಆಡಬಾರದು. ಯಾಕೆಂದರೆ ಇಡೀ ದೇಶಕ್ಕೆ ಮಾದರಿಯಾದ ಒಂದು ಪ್ರಯೋಗ ನಡೆದದ್ದು ನಮ್ಮ ಜಿಲ್ಲೆಯಲ್ಲೇ. ‘ನಮ್ಮ ಜಿಲ್ಲೆ’ ಎಂದಾಗ ಯಾವುದು ಎಂದು ಕೇಳಬೇಡಿ! ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಾವು ಕೂತಲ್ಲೇ ಕೂತಿದ್ದೇವೆ, ಜಿಲ್ಲೆಗಳು ನಮ್ಮ ಮೇಲೆ ಓಡಾಡುತ್ತಿವೆ. ನಾನು ಹೇಳುವುದು ಬಳ್ಳಾರಿ ಜಿಲ್ಲೆಯ ಕಾಲದ ಮಾತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಸುಮಾರು ಇಪ್ಪತ್ತು ಲಕ್ಷ ಜನರಿದ್ದ ಈ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ರೋಗಿಯನ್ನು ಬೆಂಗಳೂರಿಗೆ ಹೊತ್ತೊಯ್ಯುವ ಬದಲು ಮಾತ್ರೆಯೇ ಊರ ಹತ್ತಿರ ಬರಲಿ ಎಂಬುದು ಅದರ ಹಿಂದಿನ ವಿಚಾರ. ‘ಬಳ್ಳಾರಿ ಮಾದರಿ’ ಎಂದೇ ಅದು ಹೆಸರಾಯಿತು. 1996ರಿಂದ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು.

ನಾನು ಆಗ ಹೈಸ್ಕೂಲು. ನಮ್ಮ ಚಿಕ್ಕಮ್ಮ ಎರಡನೆಯ ಹೆರಿಗೆಯ ಮೇಲೆ ಮಾತು ಬಿಟ್ಟಿದ್ದರು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದೂ ಆಗಿತ್ತು. ಮನೆಗೆ ಬರುತ್ತಿದ್ದ ನರ್ಸಮ್ಮ ಒಬ್ಬರು, “ಇದು ಕಾಯಿಲೆ ಕಣ್ರಮ್ಮ, ವಾಸಿ ಆಗುತ್ತೆ” ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆರು ತಿಂಗಳಲ್ಲಿ ಚಿಕ್ಕಮ್ಮ ಮತ್ತೆ ರೊಟ್ಟಿ ಬಡಿಯುತ್ತ ಮಗನಿಗೆ ಬೈಯುತ್ತಿದ್ದರು. ಆ ಬೈಗುಳ ಕೇಳಿ ನಮ್ಮಜ್ಜಿ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಆದರೆ ಮನಶ್ಶಾಸ್ತ್ರ ಕಾಯಿಲೆಯವರಿಗೆ ಮಾತ್ರ ಅಲ್ಲ. ನಮ್ಮ ನಿಮ್ಮಂಥವರು ದುಡಿಯುವ ಜಾಗಕ್ಕೂ ಅದು ಬೇಕು. ಅಮೆರಿಕದ ಷಿಕಾಗೋ ಹತ್ತಿರ ಹಾಥಾರ್ನ್ ಎಂಬ ಟೆಲಿಫೋನ್ ಸಾಮಾನಿನ ಕಾರ್ಖಾನೆ ಇತ್ತು. 1924ರಿಂದ 1932ರವರೆಗೆ ಅಲ್ಲಿ ಪರೀಕ್ಷೆಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದರು, ಕೆಲಸ ಏರಿತು. ಕಡಿಮೆ ಮಾಡಿದರು, ಆಗಲೂ ಇಳಿಯಲಿಲ್ಲ. ಆಮೇಲೆ ಕೆಲವು ಹುಡುಗಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಿಡುವು ಕೊಟ್ಟು, ಅವರ ಮಾತು ಕೇಳುತ್ತ ನೋಡಿದರು. ಕೆಲಸ ಏರುತ್ತಲೇ ಹೋಯಿತು. ‘ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ’ ಎಂಬ ಭಾವನೆಯೇ ಕಾರಣ ಎಂದು ಪುಸ್ತಕಗಳಲ್ಲಿ ಬರೆದರು. ಆದರೆ ಮುಂದಿನವರು ಕೆದಕಿ ನೋಡಿದಾಗ ಇನ್ನೊಂದು ಸಂಗತಿ ಎದ್ದು ಬಂತು. ತುಂಬ ಮಾತಾಡುತ್ತಾರೆ, ಹೇಳಿದ ಮಾತು ಕೇಳುವುದಿಲ್ಲವೆಂದು ಇಬ್ಬರು ಹುಡುಗಿಯರನ್ನು 1928ರಲ್ಲಿ ತೆಗೆದು ಬೇರೆಯವರನ್ನು ಹಾಕಿದ್ದರು. ಕೂಲಿಯ ಲೆಕ್ಕವೂ ಬದಲಾಗಿತ್ತು. ಒಳ್ಳೆಯ ಮಾತು ಬೇಕು ನಿಜ, ಅದರ ಜೊತೆಗೆ ಸಂಬಳವನ್ನೂ ನೋಡಬೇಕು. ಸ್ಟಾಫ್‌ರೂಮಿನಲ್ಲಿ ಮೂವತ್ತು ವರ್ಷ ಕೂತ ನನಗೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ನನ್ನ ತಪ್ಪಿನ ಕಥೆ.

ಉಚ್ಚಂಗಿದುರ್ಗ ಹಳೆಯ ಗಿರಿದುರ್ಗ. ನೊಳಂಬರು ಆಳಿದ್ದು, ಆಮೇಲೆ ಉಚ್ಚಂಗಿಯ ಪಾಂಡ್ಯರು ಆಳಿದ್ದು. ಹೊಯ್ಸಳ ವಿಷ್ಣುವರ್ಧನ ‘ನೊಳಂಬವಾಡಿಗೊಂಡ’ ಎನಿಸಿಕೊಂಡ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳ ಈ ಕೋಟೆ ಹಿಡಿದು ‘ಗಿರಿದುರ್ಗಮಲ್ಲ’ ಎಂಬ ಬಿರುದು ಪಡೆದ. ರಾಜರು ಹೋದರು, ಬೆಟ್ಟದ ಮೇಲೆ ಉಚ್ಚೆಂಗೆಮ್ಮ ಉಳಿದಳು. ಭರತ ಹುಣ್ಣಿಮೆ ಬಂತೆಂದರೆ ‘ಉಧೋ ಉಧೋ’ ಎನ್ನುತ್ತ ಜನ ಮೆಟ್ಟಿಲು ಹತ್ತುತ್ತಾರೆ. ಆ ಭಕ್ತಿಯ ಮೇಲೆ ನನ್ನದೇನೂ ತಕರಾರಿಲ್ಲ. ನಾನೂ ಹತ್ತಿದ್ದೇನೆ. ಆದರೆ ಅದೇ ಹುಣ್ಣಿಮೆಯಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. 1982ರಲ್ಲೇ ಕರ್ನಾಟಕದಲ್ಲಿ ಇದರ ವಿರುದ್ಧ ಕಾಯ್ದೆ ಬಂದಿತ್ತು. ಆದರೂ ಸರ್ಕಾರವೇ 1993–94 ಮತ್ತು 2007–08ರಲ್ಲಿ ಮಾಡಿಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು.

2002ರ ಸುಮಾರು. ಏಳನೇ ತರಗತಿಯ ಒಬ್ಬ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ನಾಲ್ಕು ದಿನ ಶಾಲೆಗೆ ಬರಲಿಲ್ಲ. “ಹುಣ್ಣಿಮಿಗೆ ಆಕಿಗೆ ಮುತ್ತು ಕಟ್ತಾರಂತ್ರಿ ಟೀಚರ್” ಎಂದು ಪಕ್ಕದ ಬೆಂಚಿನವಳು ಪಿಸುಗುಟ್ಟಿದಳು. ಸಂಜೆಯೇ ಕೇರಿಗೆ ಹೋದೆ. ತಾಯಿಯನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಭಾಷಣ ಮಾಡಿದೆ. ಕಾಯ್ದೆ ಎಂದೆ, ಪೊಲೀಸು ಎಂದೆ, ಜೈಲು ಎಂದೆ. ಆಕೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, “ನೀವು ಹೇಳೋದು ಖರೇ ಐತ್ರಿ. ನಾಳೆ ಮನ್ಯಾಗ ಏನರ ಕೆಟ್ಟದಾದ್ರ ಕೇರಿಯೋರು ನಿನ್ನಿಂದ ಆತು ಅಂತಾರ. ಆಗ ನೀವು ಬರ್ತೀರೇನ್ರಿ?” ಎಂದಳು. ನಾನು ಸುಮ್ಮನೆ ಬಂದೆ. ಮರುದಿನ ಹುಡುಗಿಯನ್ನು ಯಾವುದೋ ನೆಂಟರ ಊರಿಗೆ ಕಳಿಸಿಬಿಟ್ಟಿದ್ದರು. ಮಗುವನ್ನು ಉಳಿಸಲು ಹೋದ ನಾನು ಕಣ್ಣೆದುರಿದ್ದ ಮಗುವನ್ನು ಬಚ್ಚಿಡುವಂತೆ ಮಾಡಿದ್ದೆ.

ಕೈಹಿಡಿದವಳು ಅಂಗನವಾಡಿಯ ಕಾರ್ಯಕರ್ತೆ. “ಟೀಚರ್ರೇ, ಒಬ್ಬಳನ್ನೇ ನಿಲ್ಲಿಸಿ ಕೇಳಿದ್ರ ಆಕಿ ಏನು ಮಾಡ್ಯಾಳ? ಸಂಘಕ್ಕ ಬರ್ರಿ” ಎಂದಳು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು ಕೇರಿಯಲ್ಲೂ ಒಂದು ಸಂಘ ಆಗಿತ್ತು. ಶನಿವಾರ ರಾತ್ರಿ ಹೋದೆ. “ನೀವು ಮಾತಾಡಬ್ಯಾಡ್ರಿ” ಎಂದು ಮೊದಲೇ ಕಟ್ಟಪ್ಪಣೆ. ಉಳಿತಾಯದ ಹಣ ಎಣಿಸಿಯಾದ ಮೇಲೆ ವಿಷಯ ಎತ್ತಿದರು. ತುಂಬ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಮುತ್ತು ಕಟ್ಟಿಸಿಕೊಂಡೇ ಮುದುಕಿಯಾದ ಒಬ್ಬ ಅಜ್ಜಿ, “ನನಗ ಜ್ವರ ಬಂದಾಗ ನೀರು ಕೊಡಾಕ ಯಾರದಾರ? ನೋಡೀರಲ್ಲ. ಇದು ಸಾಕು” ಎಂದಳು. ಅಷ್ಟೇ. ಒಬ್ಬೊಬ್ಬರಾಗಿ ಮಾತು ಬಂತು. ಆ ತಾಯಿಯೂ ಬಾಯಿ ಬಿಟ್ಟಳು. ಗಂಡುಮಕ್ಕಳಿಲ್ಲ, ಈ ಮಗಳೂ ಮದುವೆಯಾಗಿ ಹೋದರೆ ಮುಪ್ಪಿನಲ್ಲಿ ಕೂಳು ಯಾರು ಹಾಕುತ್ತಾರೆ ಎಂಬುದು ಅವಳ ಚಿಂತೆ. ನಾನು ದೇವರ ಭಯ ಎಂದುಕೊಂಡದ್ದರ ಒಳಗೆ ಅನ್ನದ ಭಯ ಇತ್ತು. ಸಂಘದಿಂದ ಎರಡು ಆಡಿಗೆ ಸಾಲ ಕೊಡುವುದು, ಹುಡುಗಿಯನ್ನು ಹಾಸ್ಟೆಲ್ಲಿಗೆ ಸೇರಿಸುವುದು ಎಂದಾಯಿತು. ಕೊನೆಗೆ ಹೆಂಗಸರೆಲ್ಲ ಕೈಯೆತ್ತಿ, ತಮ್ಮ ಮನೆಯಲ್ಲಿ ಇನ್ನು ಮುತ್ತು ಕಟ್ಟಿಸುವುದಿಲ್ಲ ಎಂದರು.

ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಕುರ್ಟ್ ಲೆವಿನ್ ಎಂಬಾತನ ಪ್ರಯೋಗ ಓದಿ ಬೆರಗಾದೆ. 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಪಂಡಿತ ಈತ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಮಾಂಸ ಸೈನಿಕರಿಗೆ ಹೋಗಿ, ಮನೆಯವರು ಗುಂಡಿಗೆ, ಮೂತ್ರಪಿಂಡದಂಥವನ್ನು ತಿನ್ನಬೇಕಾಗಿತ್ತು. ಗೃಹಿಣಿಯರಿಗೆ ಅದು ಹೇಸಿಗೆ. ಲೆವಿನ್ ಕೆಲವು ಗುಂಪುಗಳಿಗೆ ಚೆನ್ನಾಗಿ ಭಾಷಣ ಕೊಡಿಸಿದ. ಉಳಿದ ಗುಂಪುಗಳಲ್ಲಿ ಹೆಂಗಸರೇ ಚರ್ಚೆ ಮಾಡಿ, ಕೊನೆಗೆ ಕೈಯೆತ್ತಿ ನಿರ್ಧರಿಸುವಂತೆ ಮಾಡಿದ. ಆಮೇಲೆ ವಿಚಾರಿಸಿದರೆ, ಭಾಷಣ ಕೇಳಿದವರಲ್ಲಿ ನೂರಕ್ಕೆ 3 ಮಂದಿ ಹೊಸದಾಗಿ ಅದನ್ನು ಬೇಯಿಸಿದ್ದರು. ಚರ್ಚೆ ಮಾಡಿದವರಲ್ಲಿ ನೂರಕ್ಕೆ 32. ತನ್ನಂಥವರೇ ಹತ್ತು ಜನ ಜೊತೆಗಿದ್ದಾರೆ ಎಂದು ಕಂಡಾಗ ಹಳೆಯ ರೂಢಿ ಬಿಡುವುದು ಸುಲಭ. ನಾನು ಕಲಿಯಬೇಕಾಗಿದ್ದ ಪಾಠ ಅಮೆರಿಕದ ಅಡುಗೆಮನೆಯಲ್ಲಿ ಎಂದೋ ಆಗಿಹೋಗಿತ್ತು. ನಮ್ಮ ಅಂಗನವಾಡಿಯವಳಿಗೆ ಅದು ಓದದೆಯೇ ಗೊತ್ತಿತ್ತು.

ಎಲ್ಲ ಸುಖಾಂತ್ಯವಾಯಿತು ಎಂದರೆ ಸುಳ್ಳಾಗುತ್ತದೆ. ಆ ಹುಡುಗಿ ವಾಪಸು ಬಂದಳು, ಓದಿದಳು, ಈಗ ನರ್ಸ್ ಆಗಿದ್ದಾಳೆ. ಆದರೆ ಅದೇ ವರ್ಷ ಪಕ್ಕದ ಓಣಿಯ ಇನ್ನೊಬ್ಬಳು, ನಮಗೆ ಸುದ್ದಿ ತಿಳಿಯುವ ಮೊದಲೇ ಕೈತಪ್ಪಿದ್ದಳು. ಆ ಓಣಿಯಲ್ಲಿ ಸಂಘ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದದ್ದು ನಾನೇ.

ಇದನ್ನೆಲ್ಲ ಆ ದಿನ ತಾಯಿ ಮಗಳಿಗೆ ಹೇಳಿದೆ. ಕೆಲಸದ ಲೆಕ್ಕವನ್ನೂ ಕೊಟ್ಟೆ. ಶಾಲೆ ಕಾಲೇಜುಗಳಲ್ಲಿ ಆಪ್ತಸಲಹೆಗಾರರು ಬೇಕು. ಕಂಪನಿಗಳಲ್ಲಿ ಕೆಲಸಗಾರರನ್ನು ಆರಿಸುವುದಕ್ಕೆ, ತರಬೇತಿ ಕೊಡುವುದಕ್ಕೆ, ಅವರ ದೂರು ಕೇಳುವುದಕ್ಕೆ ಬೇಕು. ಸಾಂತ್ವನ ಕೇಂದ್ರಗಳಿಗೆ, ಮಕ್ಕಳ ರಕ್ಷಣೆಯ ಕೆಲಸಕ್ಕೆ ಬೇಕು. 2022ರಲ್ಲಿ ಶುರುವಾದ ಟೆಲಿ-ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಸಮಾಧಾನದ ಮಾತು ಸಿಗುತ್ತದೆ, ಆ ಕಡೆ ಕೂತು ಕೇಳುವವರೂ ಬೇಕು. ಬಿ.ಎ. ಒಂದೇ ಸಾಲದು, ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಲೇಬೇಕು. ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಾದರೆ ಅದರ ಮೇಲೂ ಓದಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ದಾರಿ ಉದ್ದ, ಅದನ್ನು ಮುಚ್ಚಿಡಲಿಲ್ಲ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾದ್ರ ನಾವು ಸಂಘದಾಗ ಮಾಡೋದೂ ಅದೇ ಏನ್ರಿ?” ಎಂದರು.

“ಅದೇ ಕಣಮ್ಮ. ನಿಮ್ಮ ಮಗಳು ಅದಕ್ಕೊಂದು ಡಿಗ್ರಿ ತಗೋತಾಳೆ, ಅಷ್ಟೇ.”

ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟ ಕೆಳಗಿಟ್ಟು ಕೇಳಿದರು: “ಹಾಸ್ಟೆಲ್ ಫೀ ಎಷ್ಟಾಕೈತ್ರಿ?”